ಕ್ರಿಸ್ತಜಯಂತಿಯ ಉಡುಗೊರೆಯೂ ನೆರೆಯವನ ಕೈಕೆಲಸವೂ

(ಸಭೆಯ ಕೂಟಗಳಲ್ಲಿಯೂ ಮನೆಗಳಲ್ಲಿಯೂ ಓದತಕ್ಕ ಪಾಠ)

ವಾಚಿಸತಕ್ಕ ಶಾಸ್ತ್ರಭಾಗಗಳು: ಧರ್ಮೋಪದೇಶಕಾಂಡ 24:14-15, ಜ್ಞಾನೋಕ್ತಿಗಳು 20:14, ಲೂಕ 14:12-14, ಅಪೊಸ್ತಲರ ಕೃತ್ಯಗಳು 18:1-4.



ಕ್ರಿಸ್ತಜಯಂತಿಯು ಸಮೀಪಿಸುವಾಗ ನಮ್ಮ ಮನೆಗಳಲ್ಲಿ ಸಂತೋಷದ ಸಂಗಡ ಒಂದು ಚಿಂತೆಯೂ ಹುಟ್ಟುತ್ತದೆ. ಮಕ್ಕಳಿಗೆ ಹೊಸ ಬಟ್ಟೆ ಬೇಕು. ಮಗಳ ಮನೆಗೆ ಏನಾದರೂ ಕಳುಹಿಸಬೇಕು. ಬಂದ ನೆಂಟರನ್ನು ಬರಿಗೈಯಲ್ಲಿ ಹಿಂದಕ್ಕೆ ಕಳುಹಿಸಬಾರದು. ಇದಕ್ಕೋಸ್ಕರ ಕೆಲವರು ಪಟ್ಟಣದ ದೊಡ್ಡ ಅಂಗಡಿಗೆ ಹೋಗುತ್ತಾರೆ. ಕೆಲವರು ಮೊಬೈಲಿನಲ್ಲಿಯೇ ಸಾಮಾನುಗಳನ್ನು ತರಿಸುತ್ತಾರೆ. ಕೈಯಲ್ಲಿ ಹಣವಿಲ್ಲದವರು ವಾರದ ಕಂತಿನ ಸಾಲವನ್ನು ಎತ್ತುತ್ತಾರೆ. ಹಬ್ಬವು ಒಂದೇ ದಿನದಲ್ಲಿ ಮುಗಿಯುತ್ತದೆ, ಕಂತಾದರೋ ಮುಂಗಾರಿನ ತನಕ ಮುಗಿಯುವದಿಲ್ಲ. ಹೀಗಿರುವಲ್ಲಿ ನಾವು ಕೊಡುವ ಉಡುಗೊರೆಯು ಯಾರಿಗೆ ಸಂತೋಷವನ್ನು ತರುತ್ತದೆ, ಅದಕ್ಕಾಗಿ ತೆತ್ತ ಹಣವು ಯಾರ ಕೈ ಸೇರುತ್ತದೆ ಎಂಬ ಎರಡು ಸಂಗತಿಗಳನ್ನು ದೇವರ ವಾಕ್ಯದ ಬೆಳಕಿನಲ್ಲಿ ವಿಚಾರಿಸಿ ನೋಡುವದು ನಮಗೆ ಹಿತಕರವಾಗಿದೆ.

1. ದೇವರು ಕೈಕೆಲಸವನ್ನು ಮಾನಿಸುತ್ತಾನೆ

ದೇವದರ್ಶನದ ಗುಡಾರವನ್ನು ಕಟ್ಟಬೇಕಾದಾಗ ಯೆಹೋವನು ಬೆಚಲೇಲನನ್ನು ಹೆಸರು ಹಿಡಿದು ಕರೆದು, ಚಿನ್ನ, ಬೆಳ್ಳಿ, ತಾಮ್ರ, ಕಲ್ಲು, ಮರ ಇವುಗಳಲ್ಲಿ ಕೆಲಸಮಾಡುವ ಜಾಣ್ಮೆಯನ್ನು ತನ್ನ ಆತ್ಮದ ಮೂಲಕ ಅವನಿಗೆ ಅನುಗ್ರಹಿಸಿದನೆಂದು ವಿಮೋಚನಕಾಂಡ 31ನೆಯ ಅಧ್ಯಾಯದಲ್ಲಿ ಓದುತ್ತೇವೆ. ಪವಿತ್ರಾತ್ಮನು ಪ್ರವಾದಿಯ ಬಾಯಿಗೆ ಮಾತ್ರವಲ್ಲ, ಬಡಗಿಯ ಕೈಗೂ ವರವನ್ನು ಕೊಡುವವನು ಎಂಬದಕ್ಕೆ ಇದು ಸಾಕ್ಷಿ. ನಮ್ಮ ಕರ್ತನನ್ನು ಆತನ ಸ್ವಂತ ಊರಿನವರು ಬಡಗಿಯೆಂದು ಕರೆದರು (ಮಾರ್ಕ 6:3). ಅವರು ಅದನ್ನು ತಾತ್ಸಾರದಿಂದ ಹೇಳಿದರೂ ನಮಗೆ ಅದು ಗೌರವದ ಮಾತು. ಅಪೊಸ್ತಲನಾದ ಪೌಲನು ಕೊರಿಂಥದಲ್ಲಿ ಅಕ್ವಿಲ ಪ್ರಿಸ್ಕಿಲ್ಲರ ಮನೆಯಲ್ಲಿ ಇಳುಕೊಂಡು ಅವರೊಂದಿಗೆ ಗುಡಾರಗಳ ಕೆಲಸವನ್ನು ಮಾಡುತ್ತಾ ಸುವಾರ್ತೆಯನ್ನು ಸಾರಿದನು. ಫಿಲಿಪ್ಪಿಯಲ್ಲಿ ಮೊದಲು ಹೃದಯ ತೆರೆದ ಲುದ್ಯಳು ಥುವತೈರ ಊರಿನವಳು, ಧೂಮ್ರವರ್ಣದ ವಸ್ತ್ರಗಳ ವ್ಯಾಪಾರಿ. ಯೊಪ್ಪದ ದೊರ್ಕಳು ಸತ್ತಾಗ ವಿಧವೆಯರು ಅಳುತ್ತಾ ಪೇತ್ರನಿಗೆ ತೋರಿಸಿದ್ದು ಅವಳ ಆಸ್ತಿಯನ್ನಲ್ಲ, ಅವಳು ತಮಗೆ ಮಾಡಿಕೊಟ್ಟಿದ್ದ ಅಂಗಿಗಳನ್ನೂ ಬಟ್ಟೆಗಳನ್ನೂ (ಅ. ಕೃ. 9:39).

ಆದದರಿಂದ ನಮ್ಮ ಊರಿನ ನೇಕಾರನನ್ನೂ ಕುಂಬಾರನನ್ನೂ ದರ್ಜಿಯನ್ನೂ ಬುಟ್ಟಿ ಹೆಣೆಯುವವಳನ್ನೂ ಕೀಳಾಗಿ ಎಣಿಸುವವನು ಅವರ ಕೈಗೆ ಆ ಜಾಣ್ಮೆಯನ್ನು ಕೊಟ್ಟವನನ್ನೇ ಅವಮಾನಪಡಿಸುತ್ತಾನೆ.

2. ನಮ್ಮ ಹಿರಿಯರ ಸಂಗತಿ

ಈ ವಿಷಯವು ನಮ್ಮ ಸಭೆಗಳಿಗೆ ಹೊಸದೇನೂ ಅಲ್ಲ. ಬಾಸೆಲ್ ಮಿಶನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಸುವಾರ್ತೆಯನ್ನು ಅಂಗೀಕರಿಸಿದವರಲ್ಲಿ ಅನೇಕರು ಮನೆಯನ್ನೂ ಭೂಮಿಯನ್ನೂ ಕುಲಕಸಬನ್ನೂ ಕಳಕೊಂಡರು. ಸ್ನಾನಹೊಂದಿದವನಿಗೆ ಪ್ರಾರ್ಥನೆಯನ್ನು ಕಲಿಸಿದರೆ ಸಾಲದು, ಅವನಿಗೆ ದುಡಿಮೆಯೂ ಬೇಕೆಂದು ಮಿಶನರಿಗಳು ತಿಳಿದರು. ಹಾಲರ್ ಎಂಬವರು 1851ರಲ್ಲಿ ಮಂಗಳೂರಿನಲ್ಲಿ ನೇಯ್ಗೆಯ ಕಾರ್ಖಾನೆಯನ್ನು ಆರಂಭಿಸಿದರು. ಪ್ಲೆಬ್ಸ್ಟ್ ಎಂಬವರು 1865ರಲ್ಲಿ ಹಂಚಿನ ಕಾರ್ಖಾನೆಯನ್ನು ಕಟ್ಟಿದರು. ಮಂಗಳೂರು ಹಂಚು ಎಂಬ ಹೆಸರು ದೇಶದೇಶಗಳಲ್ಲಿ ಹಬ್ಬುವದಕ್ಕೆ ಅದೇ ಮೂಲ. ಒಂದು ಹಂಚನ್ನು ಯಾರೋ ಒಬ್ಬರು ಕೊಂಡದ್ದರಿಂದ ಒಂದು ಕ್ರೈಸ್ತ ಕುಟುಂಬದ ಒಲೆ ಉರಿಯಿತು. ಆ ಮನೆಯ ಮಕ್ಕಳು ಶಾಲೆಗೆ ಹೋದರು. ನಮ್ಮಲ್ಲಿ ಎಷ್ಟೋ ಮಂದಿಯ ಅಜ್ಜಂದಿರು ಹೀಗೆ ಬದುಕಿದವರು. ಕೊಳ್ಳುವವರು ಇಲ್ಲದಿದ್ದರೆ ಅವರ ಕೈಕೆಲಸವು ಏನಾಗುತ್ತಿತ್ತು ಎಂಬದನ್ನು ಆಲೋಚಿಸಿರಿ.

3. ನನಗೆ ಕಲಿಸಿದ ಒಂದು ಮುದುಕಿಯ ಮಾತು

ಇಲ್ಲಿ ನನ್ನ ಸ್ವಂತ ತಪ್ಪೊಂದನ್ನು ಅರಿಕೆಮಾಡುವದು ಅಗತ್ಯ. ಕೆಲವು ವರುಷಗಳ ಹಿಂದೆ ಸಂಡೇ ಶಾಲೆಯ ಮಕ್ಕಳಿಗೆ ಬಹುಮಾನ ಕೊಡಬೇಕೆಂದು ಸಭೆಯ ಹಣದಿಂದ ಪಟ್ಟಣದಲ್ಲಿ ಪ್ಲಾಸ್ಟಿಕ್ ಆಟಿಕೆಗಳನ್ನು ತಂದೆನು. ಮಕ್ಕಳು ಕುಣಿದಾಡಿದರು. ಮೂರನೆಯ ದಿನದಲ್ಲಿ ಅವುಗಳ ಗಾಲಿಗಳು ದೇವಾಲಯದ ಅಂಗಳದಲ್ಲಿ ಬಿದ್ದಿದ್ದವು.

ಆ ಹಬ್ಬದ ಆರಾಧನೆಗೆ ನಮ್ಮ ಸಭೆಯ ಒಬ್ಬ ವಿಧವೆಯು ಬಂದಿರಲಿಲ್ಲ. ಆಕೆ ಬಿದಿರಿನ ಬುಟ್ಟಿ, ಮೊರಗಳನ್ನು ಹೆಣೆದು ಸಂತೆಯಲ್ಲಿ ಮಾರಿ ಜೀವಿಸುವವಳು. ದಿನಾಲು ಅಡಿಗೆಗೆ ಮುಂಚೆ ದೇವರ ಪಾಲೆಂದು ಹಿಡಿ ಅಕ್ಕಿಯನ್ನು ಎತ್ತಿಡುವವಳು. ಹಬ್ಬದ ಆರಾಧನೆಯನ್ನು ತಪ್ಪಿಸಿದ್ದಕ್ಕೆ ಬುದ್ಧಿಹೇಳೋಣವೆಂದು ನಾನು ಅವಳ ಮನೆಗೆ ಹೋದೆನು. ಮನೆಯ ಮೂಲೆಯಲ್ಲಿ ಬುಟ್ಟಿಗಳು ತೊಲೆಯ ಮಟ್ಟಕ್ಕೆ ಒಟ್ಟಿದ್ದವು.

"ಯಾಕವ್ವಾ, ಹಬ್ಬದ ದಿನ ದೇವಾಲಯಕ್ಕೆ ಬರಲಿಲ್ಲ?" ಎಂದು ಕೇಳಿದೆನು.

"ಮೂರು ಸಂತೆಯಿಂದ ಒಂದು ಬುಟ್ಟಿಯೂ ಹೋಗಲಿಲ್ಲ, ಅಯ್ಯನವರೇ. ಎಲ್ಲರೂ ಪ್ಲಾಸ್ಟಿಕ್ ಬುಟ್ಟಿಯನ್ನೇ ಕೊಳ್ಳುತ್ತಾರೆ. ಹಬ್ಬದ ದಿನ ಗೌಡರ ಹೊಲಕ್ಕೆ ಕೂಲಿಗೆ ಹೋದೆ. ದೇವರು ಕ್ಷಮಿಸಲಿ" ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಕ್ಕಳ ಬಹುಮಾನಕ್ಕೆ ಪುಟ್ಟ ಬುಟ್ಟಿಗಳು ಆಗುತ್ತಿರಲಿಲ್ಲವೇ? ನೀವು ಒಂದು ಮಾತು ಹೇಳಿದ್ದರೆ ರಾತ್ರಿ ಕೂತು ಹೆಣೆದುಕೊಡುತ್ತಿದ್ದೆ" ಅಂದಳು.

ಬುದ್ಧಿಹೇಳಲು ಹೋದವನು ಬುದ್ಧಿ ಕಲಿತು ಬಂದೆನು. ಆ ವಿಧವೆಯ ಹಿಡಿ ಅಕ್ಕಿಯನ್ನು ಮಾರಿ ಬಂದ ಹಣವೂ ನಾನು ಪಟ್ಟಣಕ್ಕೆ ಕೊಂಡುಹೋದ ಹಣದಲ್ಲಿ ಸೇರಿತ್ತು. ಅವಳ ಕಾಣಿಕೆಯನ್ನು ತೆಗೆದುಕೊಂಡೆವು, ಅವಳ ಕೈಕೆಲಸವನ್ನು ಬಿಟ್ಟುಬಿಟ್ಟೆವು. ಮರುವರುಷ ಎರಡು ತಿಂಗಳು ಮುಂಚಿತವಾಗಿ ಅರ್ಧ ಹಣವನ್ನು ಕೊಟ್ಟು ಸಣ್ಣ ಬುಟ್ಟಿಗಳನ್ನು ಹೆಣಿಸಿದೆವು. ಮಕ್ಕಳು ಅವುಗಳಲ್ಲಿ ಪಾಟಿ ಬಳಪಗಳನ್ನು ಇಟ್ಟುಕೊಂಡರು. ಕೆಲವು ಮನೆಗಳಲ್ಲಿ ಆ ಬುಟ್ಟಿಯೇ ಹಿಡಿ ಅಕ್ಕಿಯ ಬುಟ್ಟಿಯಾಯಿತು. ಆ ಹಬ್ಬದಲ್ಲಿ ಮುದುಕಿಯು ಮುಂದಿನ ಸಾಲಿನಲ್ಲಿ ಕೂತಿದ್ದಳು.

4. ಹಣವು ಹೋಗುವ ದಾರಿ

ಹಣಕ್ಕೆ ಕಾಲುಗಳಿವೆ. ಉದಾಹರಣೆಗೆ, ನೀವು ಊರಿನ ದರ್ಜಿಗೆ 300 ರೂಪಾಯಿ ಕೊಟ್ಟಿರೆಂದು ಇಟ್ಟುಕೊಳ್ಳಿರಿ. ಅವನು ಅದರಿಂದ ಊರಿನ ಗಾಣಿಗನಲ್ಲಿ ಎಣ್ಣೆಯನ್ನೂ ನೆರೆಮನೆಯವಳಲ್ಲಿ ಹಾಲನ್ನೂ ಕೊಳ್ಳುತ್ತಾನೆ. ಹಾಲಿನವಳು ಹಿಂಡಿಗೆ ಕೊಡುತ್ತಾಳೆ. ಭಾನುವಾರ ಕಾಣಿಕೆಯ ತಟ್ಟೆಯಲ್ಲಿಯೂ ಸ್ವಲ್ಪ ಬೀಳುತ್ತದೆ. ಹೀಗೆ ಒಂದೇ ಹಣವು ಊರನ್ನು ನಾಲ್ಕು ಸುತ್ತು ಸುತ್ತಿ ನಾಲ್ಕು ಮನೆಗಳನ್ನು ಪೋಷಿಸುತ್ತದೆ. ಅದೇ ಹಣವನ್ನು ದೂರದ ದೊಡ್ಡ ವ್ಯಾಪಾರಕ್ಕೆ ಕೊಟ್ಟರೆ ಅದರ ಬಹುಭಾಗವು ಊರಿನ ಗಡಿಯನ್ನು ದಾಟಿಹೋಗಿ ಹಿಂದಿರುಗುವದು ಕಷ್ಟ.

ಯಂತ್ರದ ಸಾಮಾನು ಅಗ್ಗವಾಗಿ ಬಂದಾಗ ಕೈಗಳು ಬರಿದಾಗುವದಕ್ಕೆ ನಮ್ಮ ನಾಡಿನಲ್ಲಿಯೇ ಒಂದು ದೃಷ್ಟಾಂತವಿದೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು 1957ರಲ್ಲಿ ಸ್ಥಾಪಿತವಾಯಿತು. ದೇಶದ ರಾಷ್ಟ್ರಧ್ವಜಗಳನ್ನು ಸಿದ್ಧಮಾಡುವದರಲ್ಲಿ ಅದು ಹೆಸರುವಾಸಿಯಾಗಿದೆ. ಧ್ವಜವು ಕೈಯಿಂದ ನೂತು ಕೈಯಿಂದ ನೇದ ಬಟ್ಟೆಯದ್ದಾಗಿರಬೇಕೆಂದು ಮುಂಚೆ ನಿಯಮವಿತ್ತು. 2021ನೆಯ ಡಿಸೆಂಬರ್ 30ರಲ್ಲಿ ಆ ನಿಯಮವು ತಿದ್ದಲ್ಪಟ್ಟು, ಯಂತ್ರದಲ್ಲಿ ಮಾಡಿದ ಧ್ವಜಗಳಿಗೂ ಪಾಲಿಯೆಸ್ಟರ್ ಧ್ವಜಗಳಿಗೂ ಅಪ್ಪಣೆಯಾಯಿತು. ಮರುವರುಷವೇ ಖಾದಿಯ ಕೆಲಸಗಾರರು ತಮ್ಮ ದುಡಿಮೆಗೆ ಪೆಟ್ಟು ಬಿತ್ತೆಂದು ಮೊರೆಯಿಟ್ಟರು. ರಾಟೆಯ ಮುಂದೆಯೂ ಮಗ್ಗದ ಮುಂದೆಯೂ ಕೂಡ್ರುವವರಲ್ಲಿ ಹೆಚ್ಚಿನವರು ಬಡ ಹೆಂಗಸರು. 2019-20ರಲ್ಲಿ ನಡೆದ ಕೈಮಗ್ಗಗಳ ಗಣತಿಯ ಪ್ರಕಾರ ಭಾರತದಲ್ಲಿ ಆ ಕಸಬಿನವರು 35 ಲಕ್ಷಕ್ಕೆ ಮೇಲ್ಪಟ್ಟಿದ್ದರು. ಇವರು ಭಿಕ್ಷೆಯನ್ನು ಕೇಳುವದಿಲ್ಲ, ಕೆಲಸವನ್ನು ಕೇಳುತ್ತಾರೆ.

5. ಕೊಳ್ಳುವವನು ನಡಿಸತಕ್ಕ ನ್ಯಾಯ

ಊರಿನವರಿಂದ ಕೊಂಡರೆ ಮಾತ್ರ ಸಾಲದು, ನ್ಯಾಯವಾಗಿ ಕೊಳ್ಳಬೇಕು. ಕೊಳ್ಳುವವನು ಸಾಮಾನನ್ನು ನೋಡಿ ಚೆನ್ನಾಗಿಲ್ಲವೆಂದು ಹಳಿದು, ಅಗ್ಗವಾಗಿ ಕೊಂಡು, ಆ ಮೇಲೆ ದಾರಿಯಲ್ಲಿ ಹೆಚ್ಚಳಪಡುತ್ತಾನೆಂದು ಸೊಲೊಮೋನನು ಹೇಳುವದನ್ನು ಓದಿದಾಗ ನಮ್ಮ ಸಂತೆಯೇ ಕಣ್ಣಮುಂದೆ ಬರುತ್ತದಲ್ಲವೇ? ದೊಡ್ಡ ಅಂಗಡಿಯಲ್ಲಿ ಚೀಟಿಯ ಮೇಲಿನ ಬೆಲೆಯನ್ನು ಬಾಯಿಮುಚ್ಚಿ ಕೊಡುತ್ತೇವೆ. ಗಡಿಗೆ ಹೊತ್ತುಬಂದ ಕುಂಬಾರಗಿತ್ತಿಯ ಸಂಗಡ ಐದು ರೂಪಾಯಿಗೆ ಅರ್ಧ ತಾಸು ಜಗಳಾಡುತ್ತೇವೆ. ಇದು ಬಲವಂತನಿಗೆ ಬಾಗಿ ಬಡವನನ್ನು ಬಗ್ಗಿಸುವದಾಗಿದೆ.

ಇನ್ನೊಂದು ಪಾಪವೂ ನಮ್ಮಲ್ಲಿ ಸಾಧಾರಣವಾಗಿದೆ. "ನಮ್ಮ ಸಭೆಯವನೇ ಅಲ್ಲವೇ" ಎಂದು ದರ್ಜಿಯ ಕೂಲಿಯನ್ನು ಉದ್ದರಿ ಹೇಳಿ ಸುಗ್ಗಿಯ ತನಕ ತಳ್ಳುವದು. ದಿಕ್ಕಿಲ್ಲದ ಕೂಲಿಯವನ ಸಂಬಳವನ್ನು ಹೊತ್ತು ಮುಳುಗುವದರೊಳಗೆ ಕೊಟ್ಟುಬಿಡಬೇಕೆಂಬದು ಮೋಶೆಯ ಧರ್ಮಶಾಸ್ತ್ರದ ಕಟ್ಟಳೆ. ತಡೆಹಿಡಿದ ಕೂಲಿಯು ದೇವರ ಕಿವಿಗೆ ಮುಟ್ಟುವಂತೆ ಕೂಗುತ್ತದೆಂದು ಯಾಕೋಬನು ಎಚ್ಚರಿಸುತ್ತಾನೆ (ಯಾಕೋಬ 5:4). ಕೂಲಿ ಕೊಡದ ಹೊಸ ಅಂಗಿಯನ್ನು ತೊಟ್ಟುಕೊಂಡು ಹಬ್ಬದ ಕೀರ್ತನೆಯನ್ನು ಹಾಡುವದು ಹೇಗೆ?

ಕೆಲಸಮಾಡುವವನಿಗೂ ಒಂದು ಮಾತು ಉಂಟು. ಹಬ್ಬದ ಹಿಂದಿನ ರಾತ್ರಿ ತನಕ ಬಟ್ಟೆಯನ್ನು ಹೊಲಿಯದೆ "ನಾಳೆ, ನಾಡಿದ್ದು" ಅನ್ನುವ ದರ್ಜಿಯೂ, ಹಸಿ ಮರದಿಂದ ಪೆಟ್ಟಿಗೆಯನ್ನು ಮಾಡಿಕೊಡುವ ಬಡಗಿಯೂ, ಸೀಳಿದ ಬಿದಿರನ್ನು ಅಡಗಿಸಿ ಹೆಣೆಯುವವನೂ ತನ್ನ ಬಾಗಲನ್ನು ತಾನೇ ಮುಚ್ಚಿಕೊಳ್ಳುತ್ತಾನೆ. ಮಾಡುವದನ್ನೆಲ್ಲಾ ಕರ್ತನಿಗೋಸ್ಕರವೇ ಎಂದು ಮನಃಪೂರ್ವಕವಾಗಿ ಮಾಡಬೇಕೆಂಬ ಪೌಲನ ಬೋಧನೆಯು (ಕೊಲೊಸ್ಸೆ 3:23) ಮಗ್ಗಕ್ಕೂ ಉಳಿಗೂ ಸೂಜಿಗೂ ಸಲ್ಲುತ್ತದೆ.

6. ನಮ್ಮ ನಾಡಿನ ಕೆಲವು ಕೈಕೆಲಸಗಳು

ಉಡುಗೊರೆಗೆ ಯೋಗ್ಯವಾದ ವಸ್ತುಗಳು ನಮ್ಮ ನಾಡಿನಲ್ಲಿ ಕಡಿಮೆಯಿಲ್ಲ. ಕೆಲವನ್ನು ಮಾತ್ರ ಹೇಳುತ್ತೇನೆ.

ಚನ್ನಪಟ್ಟಣದ ಆಟಿಕೆಗಳು ಮೆತ್ತನೆಯ ಹಾಲೆ ಮರದಿಂದ ಆಗುತ್ತವೆ. ಮರದ ತುಂಡನ್ನು ಚರಕಿಯಲ್ಲಿ ತಿರುಗಿಸಿ ಕೊರೆದು, ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿಹಿಡಿಯುತ್ತಾರೆ. ಉಜ್ಜುವ ಕಾವಿನಿಂದ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಅಂಥ ಒಂದು ಬುಗುರಿಯಾಗಲಿ ಗಿಲಕಿಯಾಗಲಿ ಅಣ್ಣನಿಂದ ತಮ್ಮನಿಗೆ, ತಮ್ಮನಿಂದ ತಂಗಿಗೆ ದಾಟುತ್ತದೆ.

ಇಳಕಲ್ಲಿನ ಸೀರೆಯೂ ಗುಳೇದಗುಡ್ಡದ ಖಣವೂ ಬಾಗಲಕೋಟೆಯ ಸೀಮೆಯ ಮಗ್ಗಗಳಿಂದ ಬರುತ್ತವೆ. ಧಾರವಾಡದ ಸೀಮೆಯ ಹೆಂಗಸರ ಕಸೂತಿಯಲ್ಲಿ ಗವಂತಿ, ಮುರಗಿ, ನೇಗಿ, ಮೆಂತಿ ಎಂಬ ನಾಲ್ಕು ಬಗೆಯ ಹೊಲಿಗೆಗಳಿವೆ. ಬಟ್ಟೆಯ ಎಳೆಗಳನ್ನು ಎಣಿಸಿಯೇ ಹಾಕುತ್ತಾರೆ. ಗವಂತಿಯೂ ಮುರಗಿಯೂ ಬಟ್ಟೆಯ ಎರಡೂ ಮಗ್ಗುಲಲ್ಲಿ ಒಂದೇ ತೆರನಾಗಿ ಕಾಣುತ್ತವೆ, ಗಂಟು ತೋರುವದಿಲ್ಲ. ಒಳಗೂ ಹೊರಗೂ ಒಂದೇ ಆಗಿರುವ ಈ ಹೊಲಿಗೆಯು ಕ್ರೈಸ್ತನ ನಡತೆಗೂ ಮಾದರಿಯಾಗಿದೆ.

ಕುರಿಯ ಉಣ್ಣೆಯ ಕಂಬಳಿಯನ್ನು ಮರೆಯಬೇಡಿರಿ. ಹುಣಿಸೆಬೀಜದ ಗಂಜಿಯನ್ನು ಹಾಸಿಗೆ ಹಚ್ಚಿ ನೇಯುವ ಕಂಬಳಿಯು ಡಿಸೆಂಬರಿನ ಚಳಿಯಲ್ಲಿ ಮುದುಕರ ಎಲುಬಿಗೆ ಬೆಚ್ಚನೆಯ ಉಡುಗೊರೆ. ಕೈಮಗ್ಗದ ಬಟ್ಟೆಯನ್ನು ಕೊಳ್ಳುವಾಗ ಮೋಸಹೋಗದಂತೆ 2006ರಲ್ಲಿ ಸರಕಾರದವರು ಜಾರಿಗೆ ತಂದ ಕೈಮಗ್ಗದ ಗುರುತಿನ ಚೀಟಿಯನ್ನು ನೋಡಬಹುದು. ನೇಕಾರನ ಮನೆಗೇ ಹೋಗಿ ಕೊಂಡರೆ ಇನ್ನೂ ಉತ್ತಮ. ಮಗ್ಗವನ್ನು ಕಣ್ಣಾರೆ ಕಾಣುವಿರಿ, ನಡುವಿನವನ ಪಾಲು ನೇಕಾರನಿಗೇ ಉಳಿಯುವದು.

ಈ ಕಸಬಿನವರಲ್ಲಿ ಹೆಚ್ಚಿನವರು ನಮ್ಮ ಸಭೆಯವರಲ್ಲ. ಹಿಂದುಗಳೂ ಮುಸಲ್ಮಾನರೂ ಇದ್ದಾರೆ. ಹಾಗಾದರೆ ಅವರಿಂದ ಕೊಳ್ಳಬಹುದೋ? ಸಂಶಯವಿಲ್ಲದೆ ಕೊಳ್ಳಬಹುದು. ನಂಬುವವರ ಮನೆತನಕ್ಕೆ ವಿಶೇಷವಾಗಿ ಒಳ್ಳೇದನ್ನು ಮಾಡಬೇಕೆಂದು ಹೇಳಿದ ಅಪೊಸ್ತಲನೇ ಅದಕ್ಕೆ ಮುಂಚೆ ಎಲ್ಲರಿಗೂ ಮಾಡಬೇಕೆಂದು ಹೇಳಿದ್ದಾನೆ (ಗಲಾತ್ಯ 6:10). ನೆರೆಯವನು ಯಾರೆಂದು ಕೇಳಿದವನಿಗೆ ಕರ್ತನು ಸಮಾರ್ಯದವನನ್ನು ತೋರಿಸಿದನು.

7. ಕೈಯಿಂದ ಕೈಗೆ ದಾಟುವ ಉಡುಗೊರೆ

ಬೇರೆ ದೇಶದ ಕ್ರೈಸ್ತರ ಎರಡು ಸಂಗತಿಗಳನ್ನು ಇಲ್ಲಿ ಹೇಳುತ್ತೇನೆ. ಅಮೇರಿಕದ ಬ್ರದರನ್ ಸಭೆಗೆ ಸೇರಿದ ಡ್ಯಾನ್ ವೆಸ್ಟ್ ಎಂಬ ಒಕ್ಕಲಿಗನು ಸ್ಪೇನ್ ದೇಶದ ಯುದ್ಧದಲ್ಲಿ ಹಸಿದವರಿಗೆ ಲೋಟದಲ್ಲಿ ಅಳೆದು ಹಾಲನ್ನು ಹಂಚುತ್ತಿದ್ದನು. ಇವರಿಗೆ ಲೋಟ ಹಾಲಲ್ಲ, ಹಸುವೇ ಬೇಕೆಂದು ಅವನಿಗೆ ತೋರಿತು. ಅವನು ಆರಂಭಿಸಿದ ಕೆಲಸದಿಂದ 1944ರಲ್ಲಿ ಮೊದಲನೆಯ 17 ಕಡಸುಗಳು ಪೋರ್ಟೋ ರಿಕೋ ದ್ವೀಪಕ್ಕೆ ಹೋದವು. ಹಸುವನ್ನು ಪಡೆದ ಮನೆಯವರು ಅದು ಈಯುವ ಮೊದಲನೆಯ ಹೆಣ್ಣುಕರುವನ್ನು ಇನ್ನೊಂದು ಬಡ ಮನೆಗೆ ಕೊಡಬೇಕೆಂಬದೇ ಒಡಂಬಡಿಕೆ. ಹೀಗೆ ಪಡೆದವನು ತಾನೂ ಕೊಡುವವನಾದನು.

ಮೆನೊನೈಟ್ ಸಭೆಯ ಎಡ್ನಾ ರೂತ್ ಬೈಲರ್ ಎಂಬ ಸ್ತ್ರೀಯು 1946ರಲ್ಲಿ ಅದೇ ಪೋರ್ಟೋ ರಿಕೋಗೆ ಹೋಗಿ, ಬಡ ಹೆಂಗಸರು ಚೆಂದವಾಗಿ ಕಸೂತಿ ಹಾಕಿದ ಬಟ್ಟೆಗಳಿಗೆ ಕೊಳ್ಳುವವರೇ ಇಲ್ಲದ್ದನ್ನು ಕಂಡಳು. ಕೆಲವನ್ನು ತಾನೇ ಕೊಂಡು ತಂದು ಸ್ನೇಹಿತರಿಗೂ ನೆರೆಯವರಿಗೂ ಮಾರಿ ಹಣವನ್ನು ಆ ಹೆಂಗಸರಿಗೆ ಮುಟ್ಟಿಸಿದಳು. ತನ್ನ ಮೋಟಾರು ಬಂಡಿಯ ಹಿಂದುಗಡೆಯಲ್ಲಿಯೇ ಸಾಮಾನುಗಳನ್ನು ಇಟ್ಟುಕೊಂಡು ಊರೂರು ತಿರುಗಿದಳು. ಅದರಿಂದಲೇ ಹತ್ತು ಸಾವಿರ ಹಳ್ಳಿಗಳು ಎಂಬರ್ಥದ ಹೆಸರಿನ ದೊಡ್ಡ ವ್ಯಾಪಾರವು ಬೆಳೆಯಿತು.

ನಾವು ಹಡಗಿನಲ್ಲಿ ಹಸುಗಳನ್ನು ಕಳುಹಿಸಲಾರೆವು. ಆದರೆ ಒಬ್ಬ ವಿಧವೆಗೆ ಒಂದು ಹೇಂಟೆಯನ್ನು ಕೊಟ್ಟು, ಅದರ ಮರಿಗಳಲ್ಲಿ ಎರಡನ್ನು ಮತ್ತೊಬ್ಬಳಿಗೆ ಕೊಡೆಂದು ಹೇಳಬಲ್ಲೆವು. ನುಗ್ಗೆಯ ಕೊಂಬೆ, ನಿಂಬೆಯ ಸಸಿ, ಒಳ್ಳೇ ಬೀಜದ ಒಂದು ಸೇರು, ಇವು ಹಬ್ಬ ಕಳೆದ ಮೇಲೆಯೂ ಬೆಳೆಯುವ ಉಡುಗೊರೆಗಳು. ಹಣವಿಲ್ಲದ ಯೌವನಸ್ಥನು ಮುದುಕನ ಮನೆಯ ಮಾಡನ್ನು ಒಂದು ದಿನ ಹೊದಿಸಿಕೊಡಬಹುದು. ಓದುಬಲ್ಲ ಹುಡುಗಿಯು ಓದಲಾರದ ಅಜ್ಜಿಗೆ ವಾರಕ್ಕೆ ಎರಡು ಸಾರಿ ಸತ್ಯವೇದವನ್ನು ಓದಿಹೇಳುವೆನೆಂದು ಮಾತುಕೊಡಬಹುದು. ಔತಣಕ್ಕೆ ತಿರಿಗಿ ಕರೆಯಲಾರದವರನ್ನು ಕರೆಯಿರಿ ಎಂಬ ಕರ್ತನ ಬೋಧನೆಯು ಉಡುಗೊರೆಗೂ ಸಲ್ಲುತ್ತದೆ.

8. ಒಂದು ಆಕ್ಷೇಪಣೆ

"ನಾವೇ ಬಡವರು. ಕೈಮಗ್ಗದ ಸೀರೆಯ ಬೆಲೆಯು ಯಂತ್ರದ ಸೀರೆಗಿಂತ ಹೆಚ್ಚು. ನಾವೇನು ಮಾಡೋಣ?" ಎಂದು ಕೆಲವರು ಕೇಳುತ್ತಾರೆ. ಈ ಮಾತು ನಿಜವೇ. ಬಡವನು ಅಗ್ಗದ ಬಟ್ಟೆಯನ್ನು ಕೊಳ್ಳುವದು ಪಾಪವೆಂದು ನಾನು ಹೇಳುವದಿಲ್ಲ. ಯಾರ ಮೇಲೆಯೂ ಹೊರೆಯನ್ನು ಹೊರಿಸಬಾರದು. ಆದರೆ ಮೂರು ಸಾಮಾನುಗಳಿಗೆ ಸಾಲಮಾಡುವದಕ್ಕಿಂತ ಕೈಯಲ್ಲಿರುವ ಹಣದಿಂದ ಒಂದನ್ನೇ ಕೊಳ್ಳುವದು ಮೇಲು. ಆ ಒಂದು, ನೀವು ಹೆಸರು ಬಲ್ಲ ಒಬ್ಬರ ಕೈಯಿಂದ ಬಂದದ್ದಾಗಿರಲಿ. ಹತ್ತು ರೂಪಾಯಿಯ ಮಣ್ಣಿನ ಹಣತೆಯೂ ಉಡುಗೊರೆಯೇ. ಪಟ್ಟಣದ ಬಟ್ಟೆಯನ್ನೇ ಕೊಂಡರೂ ಹೊಲಿಗೆಯನ್ನು ಊರಿನ ದರ್ಜಿಗೆ ಕೊಡಿರಿ. ದೇವರು ಬೆಲೆಯನ್ನು ನೋಡದೆ ಮನಸ್ಸನ್ನು ನೋಡುವವನು.

ಪ್ರಿಯರೇ, ಐಶ್ವರ್ಯವಂತನಾದ ನಮ್ಮ ಕರ್ತನು ನಮಗೋಸ್ಕರ ಬಡವನಾದನು (2 ಕೊರಿಂಥ 8:9). ಗೋದಲಿಯಲ್ಲಿ ಮಲಗಿದ ಆತನು ಬೆಳೆದು ಉಳಿಯನ್ನೂ ಬಾಚಿಯನ್ನೂ ಹಿಡಿದು ದುಡಿದನು. ಆತನ ಕೈಯಿಂದಾದ ನೊಗವನ್ನು ನಜರೇತಿನ ಒಕ್ಕಲಿಗನು ಕೊಳ್ಳಲು ಬಂದಾಗ ಸುಮ್ಮನೆ ಹಳಿದು ಬೆಲೆ ಇಳಿಸಿರಬಹುದೇ, ಕೂಲಿಯನ್ನು ನಾಳೆ ಕೊಡುವೆನೆಂದು ಹೋಗಿರಬಹುದೇ ಎಂದು ನಾನು ಕೆಲವು ಸಾರಿ ಯೋಚಿಸುತ್ತೇನೆ. ಈ ಹಬ್ಬದಲ್ಲಿ ನಮ್ಮ ಊರಿನ ಬಡಗಿಯ ಮುಂದೆ ನಿಲ್ಲುವಾಗ ಅದು ನಮ್ಮ ನೆನಪಿನಲ್ಲಿರಲಿ.

ಪ್ರಶ್ನೆಗಳು

1. ದೇವರು ಬೆಚಲೇಲನಿಗೆ ಯಾವ ವರವನ್ನು ಕೊಟ್ಟನು? ಅದರಿಂದ ನಾವು ಏನು ಕಲಿಯುತ್ತೇವೆ?
2. ಮಂಗಳೂರಿನಲ್ಲಿ ನೇಯ್ಗೆಯ ಮತ್ತು ಹಂಚಿನ ಕಾರ್ಖಾನೆಗಳು ಯಾಕೆ ಹುಟ್ಟಿದವು?
3. ಕೊಳ್ಳುವವನ ಯಾವ ಎರಡು ಪಾಪಗಳು ಈ ಪಾಠದಲ್ಲಿ ಹೇಳಲ್ಪಟ್ಟಿವೆ? ಕೆಲಸಗಾರನ ತಪ್ಪುಗಳು ಯಾವವು?
4. ಕೊಟ್ಟ ಹಸುವಿನ ಮೊದಲನೆಯ ಹೆಣ್ಣುಕರುವನ್ನು ಏನು ಮಾಡಬೇಕಾಗಿತ್ತು? ನಮ್ಮ ಸಭೆಯಲ್ಲಿ ಅದನ್ನು ಯಾವ ರೀತಿಯಲ್ಲಿ ಅನುಸರಿಸಬಹುದು?

ಮನೆಯಲ್ಲಿ ಮಾಡತಕ್ಕದ್ದು: ನಿಮ್ಮ ಊರಿನಲ್ಲಿ ಕೈಕೆಲಸದಿಂದ ಜೀವಿಸುವವರ ಹೆಸರುಗಳನ್ನು ಬರೆಯಿರಿ. ಅವರಲ್ಲಿ ಯಾರಿಗಾದರೂ ನೀವು ಕೊಡತಕ್ಕ ಬಾಕಿ ಇದ್ದರೆ ಹಬ್ಬಕ್ಕೆ ಮುಂಚೆ ತೀರಿಸಿರಿ. ಆ ಮೇಲೆ ಅವರಲ್ಲಿ ಒಬ್ಬರಿಂದ ಒಂದು ಉಡುಗೊರೆಯನ್ನು ಮಾಡಿಸಿರಿ.

ಪ್ರಾರ್ಥನೆ: ಬಡಗಿಯ ಮನೆಯಲ್ಲಿ ಬೆಳೆದ ಕರ್ತನೇ, ದುಡಿಯುವ ಕೈಗಳನ್ನು ಆಶೀರ್ವದಿಸು. ಕೊಳ್ಳುವ ನಮಗೆ ನ್ಯಾಯವನ್ನೂ ಕೊಡುವ ನಮಗೆ ಪ್ರೀತಿಯನ್ನೂ ಅನುಗ್ರಹಿಸು. ಆಮೆನ್.